ಮೇಷ್ಟರಿಗೆ ಕೊಟ್ಟ ಅಮಲ್ದಾರರ ಬಿನ್ನವತ್ತಳೆ

ಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹುಣಸೂರಿನಲ್ಲಿ ಕಡಿಮೆ ಎಂದರೆ ಅದು ಜಂಬವಲ್ಲ, ಊರಿಗೇ ಗೊತ್ತಿರುವ ಸಂಗತಿ. ತೇಗದ ದಿಮ್ಮಿಯನ್ನು ಬೆರಳಿನಿಂದ ತಟ್ಟಿ ಒಳಗೆ ಟೊಳ್ಳಿದೆಯೋ ಇಲ್ಲವೋ ಹೇಳಬಲ್ಲೆ. ಹೆಗ್ಗಡದೇವನಕೋಟೆಯಿಂದ ಬಿದಿರಿನ ಗಾಡಿ ಬಂತೆಂದರೆ ಮಾರುವವನು ಮೊದಲು ನಾನು ನನ್ನ ಗಾಡಿ ಅಂಗಡಿಯಲ್ಲಿದ್ದೇನೆಯೇ ಎಂದು ಇಣುಕಿ ನೋಡಿ, ಇಲ್ಲದಿದ್ದರೆ ಮಾತ್ರ ಬೆಲೆ ಹೇಳುತ್ತಾನೆ. ಎತ್ತು, ಬಾಗಿಲು, ಅಳಿಯ, ಯಾವುದನ್ನು ಆರಿಸಬೇಕಾದರೂ ಜನ ನನ್ನ ಸಲಹೆ ಕೇಳುತ್ತಾರೆ. ಕೇಳದವರಿಗೂ ನಾನು ಕೊಡುತ್ತೇನೆ. ಸಿದ್ಧವಾದ ಮಾಲು ಸಿಗುವಾಗ ಹೊಸದಾಗಿ ಮಾಡಿಸಬೇಡಿ ಎನ್ನುವುದು ನನ್ನ ಮೊದಲನೆಯ ಸಲಹೆ. ಈ ಸಲಹೆ ಗಾಡಿಗೂ ಮಂಚಕ್ಕೂ ಇಂದಿನವರೆಗೆ ಸುಳ್ಳಾಗಿಲ್ಲ. ಒಂದೇ ಒಂದು ಸಲ ಅದು ನನ್ನ ಮಾನ ಕಳೆಯಿತು. ಅದನ್ನು ಈವರೆಗೆ ಮನೆಯವರಿಗೂ ಹೇಳಿರಲಿಲ್ಲ.

ಬಹಳ ವರ್ಷದ ಹಿಂದಿನ ಮಾತು. ನಾವು ಹದಿಮೂರು ಹುಡುಗರು ಎ.ವಿ. ಸ್ಕೂಲಿನ ಕೊನೆಯ ತರಗತಿ ಮುಗಿಸಿ, ಎಲ್.ಎಸ್. ಎಂಬ ಲೋಯರ್ ಸೆಕೆಂಡರಿ ಪರೀಕ್ಷೆ ಬರೆದು ಕುಳಿತಿದ್ದೆವು. ಇನ್ನು ಕೆಲವರು ಮೈಸೂರಿಗೆ, ಕೆಲವರು ಹೊಲಕ್ಕೆ, ನಾನು ನಮ್ಮಪ್ಪ ಗಾಡಿ ಮಾಡುವ ಕೊಟ್ಟಿಗೆಗೆ. ಹೋಗುವ ಮುಂಚೆ ನಂಜುಂಡಯ್ಯ ಮೇಷ್ಟರಿಗೆ ಒಂದು ಬಿನ್ನವತ್ತಳೆ ಅರ್ಪಿಸಬೇಕೆಂದು ತೀರ್ಮಾನವಾಯಿತು. ಆಗೆಲ್ಲ ಬಿನ್ನವತ್ತಳೆಯ ಕಾಲ. ಅಮಲ್ದಾರರು ವರ್ಗವಾದರೆ ಬಿನ್ನವತ್ತಳೆ, ಇನ್ಸ್‌ಪೆಕ್ಟರು ವರ್ಗವಾದರೆ ಬಿನ್ನವತ್ತಳೆ. ಯಾರು ಯಾವಾಗ ತೊಲಗುತ್ತಾರೋ ಎಂದು ಕಾಯುತ್ತಿದ್ದ ಜನವೇ ಮುಂದೆ ನಿಂತು, ತಮ್ಮ ಅಗಲಿಕೆಯನ್ನು ಹೇಗೆ ಸಹಿಸೋಣ ಎಂದು ಓದಿ, ಹಾರ ಹಾಕಿ, ಗಾಡಿ ಹತ್ತಿಸಿ, ನಿಟ್ಟುಸಿರು ಬಿಡುತ್ತಿದ್ದರು. ನಮ್ಮದು ಹಾಗಲ್ಲ. ಮೇಷ್ಟರ ಮೇಲೆ ನಮಗೆ ನಿಜವಾಗಿ ಪ್ರೀತಿಯಿತ್ತು. ಬರೆಯುವ ಕೆಲಸವನ್ನು ಎಲ್ಲರೂ ನನಗೇ ಒಪ್ಪಿಸಿದರು. ಅದಕ್ಕೊಂದು ಕಾರಣವಿತ್ತು.

ಅದಕ್ಕೆ ಎರಡು ವರ್ಷ ಮುಂಚೆ ನಮ್ಮಪ್ಪ ನನ್ನನ್ನು ಸ್ಕೂಲು ಬಿಡಿಸಿದ್ದ. ಮೇಷ್ಟರು ಮಾರನೆಯ ದಿನವೇ ನಮ್ಮ ಕೊಟ್ಟಿಗೆಗೆ ಬಂದು ಒಂದು ದಿಮ್ಮಿಯ ಮೇಲೆ ಕುಳಿತರು.

"ಇವ ಓದಿ ಏನ್ ಅಮಲ್ದಾರ ಆಯ್ತಾನಾ ಸ್ವಾಮೀ? ಇಲ್ಲಿ ಚಕ್ರ ಇಡ್ಕೊಳ್ಳಾಕೆ ಕೈ ಸಾಲ್ತಿಲ್ಲ," ಎಂದ ಅಪ್ಪ.

"ಆಗದಿದ್ದರೆ ಬೇಡ, ಆಚಾರ್ರೇ. ನೀವು ಕೆಲಸ ಮಾಡಿ, ನಾನು ಸುಮ್ಮನೆ ಕೂತಿರ್ತೀನಿ," ಎಂದರು ಮೇಷ್ಟರು.

ಹಾಗೇ ನಾಲ್ಕು ಸಂಜೆ ಬಂದು ಕುಳಿತರು. ಅವರೆದುರು ಅಪ್ಪ ಬೀಡಿ ಸೇದುವಂತಿಲ್ಲ, ಬೈಯುವಂತಿಲ್ಲ. ಬೈಗುಳವಿಲ್ಲದೆ ನಮ್ಮ ಕೊಟ್ಟಿಗೆಯಲ್ಲಿ ಒಂದು ಕೀಲೂ ಕೂರುತ್ತಿರಲಿಲ್ಲ. ಐದನೆಯ ಸಂಜೆ ಅಪ್ಪನೇ ಕೇಳಿದ: "ಈಗ ನಿಮ್ಗೆ ಏನಾಗ್ಬೇಕು ಬುದ್ಧೀ, ಯೋಳ್ಬುಡಿ." ಮೇಷ್ಟರು ಹೇಳಿದರು: "ಬೆಳಿಗ್ಗೆ ಸಂಜೆ ನಿಮ್ಮವನು. ನಡುವಿನ ಹೊತ್ತು ನನ್ನವನು. ಹಬ್ಬದ ದಿನ ಪೂರ್ತಿ ನಿಮಗೇ ಬಿಡ್ತೀನಿ." ಚೌಕಾಸಿ ಎಂದರೆ ಏನೆಂದು ನಾನು ಕಲಿತದ್ದು ಅಂದು. ಎದುರಿನವನು ಸುಸ್ತಾಗುವವರೆಗೆ ನಗುತ್ತ ಕುಳಿತಿರಬೇಕು. ಈಗಲೂ ನನ್ನ ವ್ಯಾಪಾರವೆಲ್ಲ ಅದೇ.

ಇದನ್ನು ಬರೆದಿದ್ದರೆ ಸಾಕಿತ್ತು. ಕುಳಿತೆ, ಬರೆಯಲು. "ಪೂಜ್ಯರೇ" ಎಂದು ಬರೆದೆ. ಮುಂದಕ್ಕೆ ಬರಲಿಲ್ಲ. ನಮ್ಮಪ್ಪನ ಬೀಡಿ, ಬೈಗುಳ ಇವನ್ನೆಲ್ಲ ಬಿನ್ನವತ್ತಳೆಯಲ್ಲಿ ಹಾಕುವುದು ಗೌರವವೇ? ಮೂರು ದಿನ ಪೆನ್ಸಿಲು ಕಚ್ಚಿ, ನಾಲ್ಕನೆಯ ದಿನ ಸಂತೆಪೇಟೆಯ ಪ್ರೆಸ್ಸಿಗೆ ಹೋದೆ. ಅಲ್ಲಿ ಪ್ರೆಸ್ಸಿನ ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಯಾವುದೋ ತಾಲ್ಲೂಕಿನ ಅಮಲ್ದಾರರಿಗೆ ವರ್ಗವಾಗಿ, ದೊಡ್ಡ ಬಿನ್ನವತ್ತಳೆಗೆ ಅಚ್ಚಿನ ಮೊಳೆ ಜೋಡಿಸಿ ಮುಗಿಸುವ ಹೊತ್ತಿಗೆ ವರ್ಗವೇ ರದ್ದಾಗಿತ್ತು.

"ಎಂಥಾ ಮಾತು, ಎಂಥಾ ಭಾಷೆ ಕಣಪ್ಪಾ. ಪಂಡಿತರ ಕೈಲಿ ಬರ್ಸಿದ್ದು. ಎಲ್ಲಾ ವ್ಯರ್ಥವಾಯ್ತು," ಎಂದರು.

ನನ್ನ ಕಿವಿ ನೆಟ್ಟಗಾಯಿತು. ಸಿದ್ಧ ಮಾಲು. ಅವರ ಗಾಡಿಯ ಚಕ್ರಕ್ಕೆ ನಮ್ಮ ಕೊಟ್ಟಿಗೆಯಲ್ಲಿ ಹೊಸ ಕಬ್ಬಿಣದ ಪಟ್ಟಿ ಹಾಕಿಸಿಕೊಡುವುದೆಂದೂ, ಅದಕ್ಕೆ ಬದಲು ಅವರು ಅಮಲ್ದಾರ ಎಂದಿರುವಲ್ಲೆಲ್ಲ ಉಪಾಧ್ಯಾಯ ಎಂದೂ, ತಾಲ್ಲೂಕು ಎಂದಿರುವಲ್ಲೆಲ್ಲ ಶಾಲೆ ಎಂದೂ ಮೊಳೆ ಬದಲಾಯಿಸಿ, ಕೆಳಗೆ ನಮ್ಮ ಹದಿಮೂರು ಹೆಸರು ಸೇರಿಸಿ, ಹಳದಿ ಸ್ಯಾಟಿನ್ ಬಟ್ಟೆಯ ಮೇಲೆ ಅಚ್ಚು ಹಾಕಿಕೊಡುವುದೆಂದೂ ಮಾತಾಯಿತು. ಮೊದಲ ನಾಲ್ಕು ಸಾಲು ಓದಿದೆ. ಒಂದು ಪದವೂ ಅರ್ಥವಾಗಲಿಲ್ಲ. ಹೊಗಳಿಕೆ ಎಂದರೆ ಹೀಗಿರಬೇಕು ಎಂದುಕೊಂಡೆ. ಗೆಳೆಯರು ಕೂಡಿಸಿದ್ದ ಚಂದಾ ಹಣವೆಲ್ಲ ಉಪ್ಪಿಟ್ಟಿಗೆ ಉಳಿಯಿತೆಂದು ಅವರ ಕಣ್ಣಿಗೆ ನಾನು ಅಂದು ದಿವಾನನಾದೆ.

ಓದುವವನು ಗಫಾರ. ಕುದುರೆ ಜೀನು ಹೊಲಿಯುವ ಸಾಬರ ಮಗ, ನಮ್ಮಲ್ಲೆಲ್ಲ ಅವನದೇ ದೊಡ್ಡ ಗಂಟಲು. ಮುಂಚೆ ಒಮ್ಮೆ ಓದಿ ನೋಡುತ್ತೇನೆಂದು ಅವನು ಕೇಳಿದ್ದ. ಬಟ್ಟೆ ಮಾಸೀತೆಂದು ನಾನೇ ಸುರುಳಿ ಬಿಚ್ಚಲು ಬಿಡಲಿಲ್ಲ. ಸಭೆಯಲ್ಲಿ ಎದ್ದು ನಿಂತು ಆರಂಭಿಸಿದ. ಮೊದಲ ನಾಲ್ಕು ಸಾಲು ಗಂಭೀರವಾಗಿ ಸಾಗಿತು. ಐದನೆಯದು ಹೀಗಿತ್ತು: "ಈ ಶಾಲೆಯ ಹದಿನಾರು ಕೆರೆಗಳ ಏರಿಗಳನ್ನು ಭದ್ರಪಡಿಸಿದ ಉಪಾಧ್ಯಾಯ ಶಿಖಾಮಣಿಯೇ." ಗಫಾರ ನಿಂತ. ಪಕ್ಕದಲ್ಲಿದ್ದ ನನ್ನ ಕಡೆ ಬಾಗಿ, "ಲೇ ಆಚಾರಿ, ಕೆರೆ ಅಂತೈತೆ ಕಣ್ಲಾ," ಎಂದ.

"ಓದ್ಲಾ, ಎಲ್ಲಾ ನೋಡ್ತಾವ್ರೆ," ಎಂದೆ.

ಅವನು ಓದಿದ. ಶಾಲೆಯ ಕಂದಾಯವನ್ನು ಬಾಕಿಯಿಲ್ಲದೆ ವಸೂಲು ಮಾಡಿದಿರಿ ಎಂದ. ಪ್ಲೇಗು ಬಂದಾಗ ಊರ ಹೊರಗೆ ಗುಡಿಸಲು ಹಾಕಿಸಿದಿರಿ ಎಂದ. ತಾವು ಕುದುರೆಯೇರಿ ಹೊರಟರೆ ಪುಂಡಾನೆಗಳೂ ದಾರಿ ಬಿಡುತ್ತಿದ್ದವು ಎಂದ. ಮೇಷ್ಟರಿಗಿದ್ದ ವಾಹನವೆಂದರೆ ಒಂದು ಜೊತೆ ಸವೆದ ಮೆಟ್ಟು, ಮೂರು ಕಡ್ಡಿ ಮುರಿದ ಕೊಡೆ. ಆಶ್ಚರ್ಯವೆಂದರೆ ಸಭೆ ಪ್ರತಿ ಸಾಲಿಗೂ ಚಪ್ಪಾಳೆ ತಟ್ಟಿತು. ಪುಂಡಾನೆಗೆ ಎಲ್ಲಕ್ಕಿಂತ ಜೋರು. ಹೆಡ್‌ಮೇಷ್ಟರು ಎದ್ದು, ಭಾಷೆ ಬಹಳ ಪ್ರೌಢವಾಗಿದೆ, ಒಂದು ಅಕ್ಷರವೂ ಹೆಚ್ಚಿಲ್ಲ ಎಂದು ಮೆಚ್ಚಿದರು. ಬಿನ್ನವತ್ತಳೆಯನ್ನು ಯಾರೂ ಕೇಳುವುದಿಲ್ಲ ಎನ್ನುವುದು ನನಗೆ ಅಂದು ತಿಳಿಯಿತು. ಕೇಳಿಸಿಕೊಂಡವರು ಒಬ್ಬರೇ.

ಉಪ್ಪಿಟ್ಟಾದ ಮೇಲೆ ಆ ಒಬ್ಬರು ನನ್ನನ್ನು ಖಾಲಿ ತರಗತಿಗೆ ಕರೆದರು. ಸ್ಯಾಟಿನ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು.

"ಕಾಳಾಚಾರಿ, ಹದಿನಾರು ಕೆರೆ. ಯಾವ ಯಾವ ಕಡೆ ಇವೆ, ಹೇಳಪ್ಪ."

ನಾನು ಬಟ್ಟೆಯ ಮೂಲೆ ಎಳೆದು ಸುಕ್ಕು ಬಿಡಿಸಿದೆ.

"ಹೋಗಲಿ, ನನ್ನ ಕುದುರೆ ಯಾವ ಬಣ್ಣದ್ದು?"

"ಸಾರ್, ಪ್ರೆಸ್ನೋರು..."

"ಪ್ರೆಸ್ಸಿನವರು ಇರಲಿ. ಇದರಲ್ಲಿ ನನ್ನದು ಅಂತ ಒಂದು ಸಾಲು ಇದ್ದರೆ ಬೆರಳಿಟ್ಟು ತೋರಿಸು."

ನನ್ನ ಬೆರಳು ಮೇಲಿನಿಂದ ಇಳಿಯುತ್ತ ಬಂತು. ಕೆರೆ, ಕಂದಾಯ, ಕುದುರೆ ಎಲ್ಲ ದಾಟಿ ಕಟ್ಟಕಡೆಗೆ ನಮ್ಮ ಹದಿಮೂರು ಹೆಸರುಗಳ ಮೇಲೆ ನಿಂತಿತು. "ಇದು ಸಾರ್," ಎಂದೆ.

ಮೇಷ್ಟರು ಪೆನ್ಸಿಲು ಕೆತ್ತುವ ಚಾಕು ತೆಗೆದು, ಹೆಸರುಗಳಿದ್ದ ತುಂಡನ್ನು ನೇರವಾಗಿ ಕತ್ತರಿಸಿ, ಮಡಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು. ಉಳಿದದ್ದನ್ನು ಸುರುಳಿ ಸುತ್ತಿ ನನ್ನ ಕೈಗಿತ್ತರು. "ಜೋಪಾನ. ಅಮಲ್ದಾರರು ಎಂದಾದರೂ ಹೋಗಲೇಬೇಕಲ್ಲ," ಎಂದು ನಕ್ಕರು.

ಆಗ ಹೇಳಬೇಕಿತ್ತು. ಸಾರ್, ನೀವು ನಾಲ್ಕು ಸಂಜೆ ನಮ್ಮ ಕೊಟ್ಟಿಗೆಯಲ್ಲಿ ಕೂತಿದ್ರಿ ಅಂತ. ಬಾಯಿ ತೆರೆದೆ. "ಸಾರ್, ಉಪ್ಪಿಟ್ಟು ಇನ್ನೊಂಚೂರು ಐತೆ," ಎಂದೆ.

ಈಗ ಅವರು ಪಿಂಚಣಿ ಪಡೆದು ಕೃಷ್ಣರಾಜನಗರದಲ್ಲಿದ್ದಾರೆ. ಗಾಡಿ ವ್ಯಾಪಾರಕ್ಕೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತೇನೆ. ಅವರ ಬೀದಿ ಬಿಟ್ಟು ಪಕ್ಕದ ಬೀದಿಯಲ್ಲಿ ಹೋಗುತ್ತೇನೆ, ರಸ್ತೆ ಚೆನ್ನಾಗಿದೆ ಎಂದು.

ನೆನ್ನೆ ಈ ವರ್ಷದ ಹುಡುಗರು ನನ್ನ ಅಂಗಡಿಗೆ ಬಂದಿದ್ದರು. ಮೇಷ್ಟರುಗಳಿಗೆ ಬಿನ್ನವತ್ತಳೆ ಕೊಡಬೇಕಂತೆ, ಸಲಹೆ ಬೇಕಂತೆ. ಕೂರಿಸಿಕೊಂಡು ಚೆನ್ನಾಗಿ ಹೇಳಿದೆ. ದೊಡ್ಡ ಪದ ಬೇಡ, ಸಿದ್ಧ ಮಾಲು ಬೇಡ, ನಿಮ್ಮ ಮನಸ್ಸಿನ ಒಂದೇ ಒಂದು ಸಾಲು ಬರೆಯಿರಿ ಎಂದೆ. ಅವರಲ್ಲೊಬ್ಬ ತಲೆಹರಟೆ ಕೇಳಿಯೇಬಿಟ್ಟ: "ಅಂಗಾರೆ ನಿಮ್ ಮೇಷ್ಟ್ರಿಗೆ ನೀವು ಯಾವ ಸಾಲು ಬರದ್ರಿ? ಅದನ್ನೇ ಮಾದರಿ ಕೊಟ್ಬುಡಿ."

"ನಾಡಿದ್ದು ಬನ್ನಿ," ಎಂದು ಕಳಿಸಿದೆ.

ಇವತ್ತು ಬೆಳಿಗ್ಗೆಯಿಂದ ಅಂಗಡಿ ಬಾಗಿಲು ಅರ್ಧ ಮುಚ್ಚಿ ಆ ಒಂದು ಸಾಲಿಗೆ ಕುಳಿತಿದ್ದೇನೆ. "ಪೂಜ್ಯರೇ" ಎನ್ನುವುದು ಆಗಿದೆ. ಉಳಿದಂತೆ ಕಾಗದದ ಮೇಲೆ ಬಂದದ್ದು ನೀವು ಈಗ ಓದಿದ್ದಷ್ಟೇ. ಇದನ್ನು ಯಾರ ಮುಂದೆ ಓದಲಾದೀತು? ನಾಳೆ ಹುಡುಗರು ಬರುತ್ತಾರೆ. ಪೆಟ್ಟಿಗೆ ತೆರೆದು ನೋಡಿದೆ, ಸ್ಯಾಟಿನ್ ಬಟ್ಟೆ ಎಲ್ಲಿಯೂ ಮಾಸಿಲ್ಲ. ಕೆಳಗೆ ನಮ್ಮ ಹೆಸರುಗಳಂತೂ ಹೇಗೂ ಇಲ್ಲ, ಹುಡುಗರ ಹೆಸರಿನ ತುಂಡೊಂದನ್ನು ಹೊಲಿದರೆ ಸಾಕು.