ಸೊಪ್ಪು ಹಾಕಿದ್ಯೇನಮ್ಮಾ?

ನನ್ನ ಹೆಂಡತಿ ವರಲಕ್ಷ್ಮಿಗೆ ಮೂರು ಲೋಕದಲ್ಲಿ ಶತ್ರುಗಳೆಂದರೆ ಇಬ್ಬರೇ: ಇರುವೆ ಮತ್ತು ನನ್ನ ಕಂಪ್ಯೂಟರು. ಇರುವೆ ರೇಷ್ಮೆಹುಳುವನ್ನು ತಿನ್ನುತ್ತದೆ, ಕಂಪ್ಯೂಟರು ಗಂಡನನ್ನು ತಿನ್ನುತ್ತದೆ ಎಂಬುದು ಅವಳ ಸಿದ್ಧಾಂತ. ಮೇಲೂರಿನ ನಮ್ಮ ಮನೆಯಲ್ಲಿ ಸಂಜೆ ಹುಳುವಿಗೆ ಸೊಪ್ಪು ಹಾಕುವ ಸರದಿ ನನ್ನದು. ಆದರೆ ಶಿಡ್ಲಘಟ್ಟದ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಒಂದು ಗಳಿಗೆ ಕೂತೆನೆಂದರೆ ಆ ಸರದಿ ತಾನಾಗಿಯೇ ಅವಳದಾಗುತ್ತಿತ್ತು. (ತಪ್ಪು ನನ್ನದಲ್ಲ, ಗಳಿಗೆಯದು.)

"ನೋಡ್ರೀ, ಈ ಬೆಳೆ ಹುಳ ಹಣ್ಣಾಗೋದ್ರೊಳಗೆ ನಿಮ್ಮ ಪೆಟ್ಟಿಗೆ ಈ ಮನೆಗೆ ಒಂದಾದ್ರೂ ಉಪಕಾರ ಮಾಡ್ಬೇಕು. ಇಲ್ದಿದ್ರೆ ಚಿಂತಾಮಣೀಲಿ ನಮ್ಮಣ್ಣನ ಟೈಪಿಂಗ್ ಸ್ಕೂಲಿಗೆ ಕೊಟ್ಬಿಡ್ತೀನಿ" ಎಂದು ಒಂದು ದಿನ ತೀರ್ಪಿತ್ತಳು.

ಹಣ್ಣಾಗುವುದೆಂದರೆ ಹುಳು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಏರುವ ಹೊತ್ತು. ನನ್ನ ಕಂಪ್ಯೂಟರಿನ ಆಯಸ್ಸು ಅಷ್ಟೇ ಉಳಿದಿತ್ತು.

ಆಗ ಕೈಹಿಡಿದದ್ದು ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ. ಅದರ ತುಂಬ ಗೃಹಕೃತ್ಯಕ್ಕೆ ಒದಗುವ ಪುಕ್ಕಟೆ ಸಾಫ್ಟ್‌ವೇರುಗಳು. ಒಂದು ದನಿಯನ್ನು ಹಿಡಿದಿಡುತ್ತಿತ್ತು, ಇನ್ನೊಂದು ಹೇಳಿದ ಹೊತ್ತಿಗೆ ಅದನ್ನು ನುಡಿಸುತ್ತಿತ್ತು. ಸಂಜೆ ಸೊಪ್ಪು ಹಾಕಲು ಕಂಪ್ಯೂಟರೇ ಕೂಗಿ ಹೇಳಿದರೆ? ನನ್ನ ದನಿಯಲ್ಲಿ ಕೂಗಿಸಿ ಫಲವಿಲ್ಲ, ಅದು ಮದುವೆಯಾದಂದಿನಿಂದ ಗೊತ್ತಿರುವ ಸಂಗತಿ. ಈ ಮನೆಯಲ್ಲಿ ವರಲಕ್ಷ್ಮಿ ಎದುರಾಡದೆ ಕೇಳಿದ್ದು ಒಂದೇ ದನಿಯನ್ನು. ಅದು ನಮ್ಮಮ್ಮ ಅಮ್ಮಾಜಮ್ಮನದು. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಹಿಂದೆ ತಮಾಷೆಗೆ ತುಂಬಿಸಿದ್ದ ಕ್ಯಾಸೆಟ್ಟಿನಲ್ಲಿ ಮಾತ್ರ ಇನ್ನೂ ಕೇಳುತ್ತಿದ್ದಳು: "ಸೊಪ್ಪು ಹಾಕಿದ್ಯೇನಮ್ಮಾ?"

ಅಷ್ಟನ್ನೇ ಕತ್ತರಿಸಿ ಕಂಪ್ಯೂಟರಿಗೆ ತುಂಬಿದೆ. ಅಟ್ಟದ ಮೇಲಿಂದ ವಯರೆಳೆದು ಹುಳುಮನೆಯ ತೊಲೆಯ ಹಿಂದೆ ಸ್ಪೀಕರು ಅಡಗಿಸಿದೆ. ಕೊನೆಯ ದಿನ ಗುಟ್ಟು ಬಿಟ್ಟುಕೊಟ್ಟು, "ಇಷ್ಟು ದಿನ ನಿನ್ನ ಕೈಲಿ ಸೊಪ್ಪು ಹಾಕಿಸಿದ್ದು ಈ ಪೆಟ್ಟಿಗೆ ಕಣೇ" ಎಂದು ವಿಜಯೋತ್ಸವ ಆಚರಿಸುವುದು ನನ್ನ ಯೋಜನೆ.

ಮೊದಲ ಸಂಜೆ. ಹುಳುಮನೆಯಲ್ಲಿ ಮಬ್ಬುಗತ್ತಲು. ಹುಳುಗಳು ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ. ಅದರ ನಡುವೆ ಅಮ್ಮ ಕೇಳಿದಳು. ವರಲಕ್ಷ್ಮಿ ಸೆರಗು ಹೊದ್ದು, "ಅಯ್ಯೋ ದೇವುಡಾ... ಹಾಕ್ತೀನಿ ಅತ್ತೆ, ಈಗ್ಲೇ ಹಾಕ್ತೀನಿ" ಎಂದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ಬರಬೇಕಿತ್ತು. ಮೈಮೇಲೆ ಮುಳ್ಳೆದ್ದಿತು. ಆ ಕೋಣೆಯಲ್ಲಿ ಅದು ಕ್ಯಾಸೆಟ್ಟಿನ ದನಿಯಾಗಿರಲಿಲ್ಲ. ಅಮ್ಮ ಒಮ್ಮೆ ನನ್ನನ್ನೂ ಕರೆಯಬಾರದೇ ಎನ್ನಿಸಿತು.

ಮರುದಿನದಿಂದ ವರಲಕ್ಷ್ಮಿ ಹುಳುಮನೆಯ ಹೊಸಿಲ ಮೇಲೆ ಅತ್ತೆಗೆಂದು ಎಲೆ ಅಡಿಕೆ ಇಡತೊಡಗಿದಳು. (ಹೊಗೆಸೊಪ್ಪಿಲ್ಲ. ಅದು ಹುಳುವಿಗೆ ವಿಷವೆಂದು ಬೆಳೆಯ ದಿನಗಳಲ್ಲಿ ಅಮ್ಮನೂ ಮುಟ್ಟುತ್ತಿರಲಿಲ್ಲ.) ಬೆಳಗಾದರೆ ಎಲೆ ಅಡಿಕೆ ಇರುತ್ತಿರಲಿಲ್ಲ. ಅತ್ತೆಯ ಪ್ರಸಾದವೆಂದು ಇವಳೇ ತಿನ್ನುತ್ತಿರಬೇಕು ಎಂದುಕೊಂಡೆ.

ಅಷ್ಟರಲ್ಲಿ ಹುಳು ಕೊನೆಯ ಜ್ವರಕ್ಕೆ ಕೂತಿತು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಅಲ್ಲಾಡದೆ ಕೂರುವ ಕಾಲ. ಆಗ ಸೊಪ್ಪು ಹಾಕಬಾರದು. ಕಂಪ್ಯೂಟರಿಗೆ ಇದನ್ನು ಹೇಳಲು ನಾನು ಮರೆತಿದ್ದೆ. ಮೇಯುವ ಸದ್ದಿಲ್ಲದೆ ಸ್ಮಶಾನದಂತಿದ್ದ ಹುಳುಮನೆಯಲ್ಲಿ ಅಮ್ಮ ಕೇಳಿಯೇ ಕೇಳಿದಳು. ವರಲಕ್ಷ್ಮಿ ಸೊಪ್ಪು ಮುಟ್ಟಲಿಲ್ಲ. ಒಂದು ಗಳಿಗೆ ತೊಲೆಯ ಕಡೆ ನೋಡಿ ಅಡುಗೆಮನೆಗೆ ಹೋದಳು.

ಜ್ವರ ಬಿಟ್ಟ ಮರುದಿನ ಸಂಜೆ ಊರಿಗೆ ಊರೇ ಕರೆಂಟಿಲ್ಲ. ಚಂದ್ರಿಕೆ ಕೇಳಿಬರ್ತೀನೆಂದು ವರಲಕ್ಷ್ಮಿ ಪಕ್ಕದ ಮಂಗಮ್ಮನ ಮನೆಗೆ ಹೋಗಿದ್ದಳು. ಕಂಪ್ಯೂಟರು ಸತ್ತು ಕೂತಿತ್ತು. ಹುಳುಮನೆಯಿಂದ ದನಿ ಬಂತು.

"ಚಲಪತೀ... ಸೊಪ್ಪು ಹಾಕಿದ್ಯೇನಪ್ಪಾ?"

ಕ್ಯಾಸೆಟ್ಟಿನಲ್ಲಿ ನನ್ನ ಹೆಸರೇ ಇರಲಿಲ್ಲ! ಕರೆಯಬಾರದೇ ಎಂದು ಬಯಸಿದ್ದ ಮಗ, ಕರೆದಾಗ ಕಂಬ ಅಪ್ಪಿಕೊಂಡು ನಿಂತಿದ್ದೆ.

"ಹಾ... ಹಾಕ್ತೀನಮ್ಮಾ!"

"ಆ ಪೆಟ್ಟಿಗೆ ಹುಳಕ್ಕೆ ಆಗಿಬರಲ್ಲ ಕಣಪ್ಪಾ. ಚಿಂತಾಮಣಿಗೆ ಕಳಿಸ್ಬಿಡು."

ಕತ್ತಲಲ್ಲೇ ತಡಕಾಡಿ ಎಲ್ಲ ತಟ್ಟೆಗಳಿಗೂ ಸೊಪ್ಪು ಸುರಿದೆ. ಬೆಳಕು ಹರಿದೊಡನೆ ಕಂಪ್ಯೂಟರನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಬಸ್ಸು ಹತ್ತಿಸಿ, ನಾನೇ ಚಿಂತಾಮಣಿಗೆ ಮುಟ್ಟಿಸಿ ಬಂದೆ. ಅವಳಣ್ಣನಿಗೆ ಕೈಮುಗಿದು ಬೇರೆ ಕೊಟ್ಟೆ.

ಮನೆಗೆ ಬಂದರೆ ವರಲಕ್ಷ್ಮಿ ಜಗಲಿಯ ಮೇಲೆ ಕೂತು, ಮಡಿಲಲ್ಲಿ ನನ್ನ ಸ್ಪೀಕರಿಟ್ಟುಕೊಂಡು, "ಬಂದ್ಯೇನಪ್ಪಾ ಚಲಪತೀ?" ಎಂದಳು. ಥೇಟು ಅಮ್ಮನ ದನಿ.

"ನೀನಾ?"

"ಹುಳುಮನೆ ಹಿತ್ತಲ ಕಿಟಕಿ ಹತ್ರ ನಿಂತು ಕೂಗ್ದೆ. ಮದುವೆಯಾದಾಗಿಂದ ಕೇಳಿದ ದನಿ ನಂಗೆ ಬರಲ್ವಾ? ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಹಾಕು ಅಂತ ನಮ್ಮತ್ತೆ ಸತ್ತ ಮೇಲೂ ಹೇಳಲ್ಲ ಕಣ್ರೀ. ಅವತ್ತೇ ತೊಲೆ ಹಿಂದೆ ಹುಡುಕ್ದೆ."

ಹೊಟ್ಟೆ ಉರಿದರೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. "ಸೋತೆ ಕಣೇ. ಹೊಸಿಲ ಮೇಲಿನ ಎಲೆ ಅಡಿಕೆ ದಿನಾ ತಿಂದಿದ್ದೂ ನೀನೇ ತಾನೇ?" ಎಂದೆ.

ವರಲಕ್ಷ್ಮಿಯ ನಗು ನಿಂತಿತು.

"ನಾನ್ಯಾಕೆ ತಿನ್ಲಿ? ನೀವ್ ತಿಂತಿದ್ದೀರ ಅಂದ್ಕೊಂಡಿದ್ದೆ."

ಇಬ್ಬರೂ ಹುಳುಮನೆಯ ಕಡೆ ನೋಡಿದೆವು. ಒಳಗೆ ಹುಳುಗಳು ಮೇಯುತ್ತಲೇ ಇದ್ದವು.

ಈಗ ಸಂಜೆಯ ಸೊಪ್ಪನ್ನು ನಾನೇ ಹಾಕುತ್ತೇನೆ, ಎಲೆ ಅಡಿಕೆಯನ್ನೂ ನಾನೇ ಇಡುತ್ತೇನೆ. ಯಾರೂ ಕೂಗಿ ನೆನಪಿಸುವುದು ಬೇಡವೆಂದು ಹೊತ್ತಿಗೆ ಮುಂಚೆಯೇ ಮುಗಿಸಿಬಿಡುತ್ತೇನೆ.