ಅವರೆಕಾಯಿಗೆ ಪಾಸ್‌ವರ್ಡ್ ಮುಯ್ಯಿ

ನನಗೊಂದು ಚಟವಿದೆ. ಹೊಸದೇನು ಬಂದರೂ ಹುಣಸೂರಿನಲ್ಲಿ ಅದಕ್ಕೆ ಮೊದಲು ಜೈಕಾರ ಹಾಕುವವನು ನಾನೇ ಆಗಿರಬೇಕು. ಟಿವಿಗೆ ಆ್ಯಪ್ ಹಾಕಿಕೊಂಡರೆ ಬೇಕಾದ ಧಾರಾವಾಹಿಯನ್ನು ಬೇಕೆಂದಾಗ ನೋಡಬಹುದೆಂದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಅಂದೇ ಕೇಬಲ್ ಕೀಳಿಸಿದೆ. ವೈರು ಸುತ್ತಿಕೊಳ್ಳುತ್ತಿದ್ದ ಕೇಬಲ್ ಮಾದಪ್ಪನಿಗೆ "ನಿನ್ನ ಕಾಲ ಮುಗೀತಪ್ಪ" ಎಂದು ಸಮಾಧಾನವನ್ನೂ ಹೇಳಿದೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಯಾವ ಆ್ಯಪ್ ಉಳೀತದೋ ಯಾವ್ದು ಮುಳುಗ್ತದೋ ಯಾರಿಗ್ಗೊತ್ತು ಸಾರ್? ಕೊನೇಗೆ ಎಲ್ಲಾನೂವೆ ಒಂದು ಡಬ್ಬಕ್ಕಾಕಿ ನಾನೇ ತಂದ್ಕೊಡ್ತೀನಿ ಬುಡಿ" ಎಂದ. ನಮ್ಮ ಹಾರ್ಡ್‌ವೇರ್ ಅಂಗಡಿಗೆ ಮೊಳೆ ಕೊಳ್ಳಲು ಬಂದವರಿಗೆಲ್ಲ ಇದನ್ನು ಹೇಳಿಕೊಂಡು ನಕ್ಕೆ.

ನಮ್ಮ ಕಡೆ ಯಾರಾದರೂ ಏನಾದರೂ ಕೊಟ್ಟರೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಮುಯ್ಯಿ ತೀರಿಸಬೇಕು. ರಾವಂದೂರಿಗೆ ಕೊಟ್ಟ ನಮ್ಮಕ್ಕ ಪುಟ್ಟತಾಯಿ ಸೊಗಡಿನ ಕಾಲ ಬಂತೆಂದರೆ ಒಂದು ಮೂಟೆ ಅವರೆಕಾಯಿಯನ್ನು ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಪ್ರತಿಯಾಗಿ ನಾನೇನು ಕೊಡಲಿ? ಬೀಗ, ಬಾಂಡ್ಲಿ, ಗುದ್ದಲಿ ಎಲ್ಲ ಕೊಟ್ಟು ಮುಗಿದಿತ್ತು. ಪಾಸ್‌ವರ್ಡ್ ಕೊಟ್ಟೆ. ಎಂಥ ಚಂದದ ಮುಯ್ಯಿ! ಕೊಟ್ಟ ಮೇಲೂ ನಮ್ಮಲ್ಲೇ ಉಳಿಯುತ್ತದೆ. ಆ್ಯಪ್ ಕಂಪನಿಯವರೂ ಆಗ ಕಂಡೂ ಕಾಣದಂತಿದ್ದರು. ಹಲಸಿನ ಹಣ್ಣು ಮಾರುವವನು ಮೊದಲು ಒಂದು ತೊಳೆ ಬಾಯಿಗಿಟ್ಟು ಆಮೇಲೆ ತಕ್ಕಡಿ ತೆಗೆಯುತ್ತಾನಲ್ಲ, ಇವರದೂ ಅದೇ ವ್ಯಾಪಾರ. ನಡುನಡುವೆ ಜಾಹೀರಾತು ಬಂತು. ಒಂದು ಆ್ಯಪ್ ಇನ್ನೊಂದನ್ನು ನುಂಗಿತು. ನನ್ನ ಉತ್ಸಾಹ ಮಾತ್ರ ಕುಗ್ಗಲಿಲ್ಲ, ಏಕೆಂದರೆ ನಾವೆಲ್ಲ ಒಂದು ಪತ್ತೇದಾರಿ ಧಾರಾವಾಹಿಯ ಗುಂಗಿನಲ್ಲಿದ್ದೆವು. ಎಸ್ಟೇಟಿನ ಸಾಹುಕಾರನನ್ನು ಕೊಂದವರು ಯಾರು? ಕಾಂಪೌಂಡರ್ ಎಂದು ನಾನು, ಸೊಸೆ ಎಂದು ನನ್ನ ಹೆಂಡತಿ ಶಾರದೆ. ಸೋತವರು ಆ ವರ್ಷದ ಸೊಗಡಿನ ಕಾಲ ಮುಗಿಯುವವರೆಗೆ ಅವರೆಕಾಳು ಹಿತುಕಬೇಕೆಂದು ಪಂದ್ಯ.

ಕೊನೆಯ ಕಂತಿನ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಓಡಿಬಂದು ಟಿವಿ ಹಾಕಿದರೆ, "ನೀವು ಈ ಮನೆಯವರಲ್ಲ" ಎಂದಿತು. ನನ್ನ ಟಿವಿ, ನನ್ನ ಆ್ಯಪ್, ನಾನೇ ಮನೆಯವನಲ್ಲ! ಅಕ್ಕನಿಗೆ ಫೋನು ಮಾಡಿದೆ.

"ಇದು ನಿಮ್ಮ ಮನೆ ಟಿವಿನಾ ಅಂತ ಕೇಳ್ತು ಕಣ್ಲಾ. ನಿಮ್ಮನೆ ನಮ್ಮನೆ ಅಂತ ಬ್ಯಾರೆ ಅದಾ? ಹೂಂ ಅಂತ ಒತ್ಬುಟ್ಟೆ."

ನಮ್ಮ ಹೆಣ್ಣುಮಕ್ಕಳಿಗೆ ತವರೂ ನಮ್ಮನೆಯೇ, ಸೇರಿದ ಮನೆಯೂ ನಮ್ಮನೆಯೇ. ಕಂಪನಿಗೆ ಮಾತ್ರ ಮನೆಯೆಂದರೆ ಒಂದೇ, ಅದೀಗ ರಾವಂದೂರಿನಲ್ಲಿತ್ತು. ಹೆಂಡತಿಯನ್ನು ಬೈಕಿಗೆ ಹತ್ತಿಸಿಕೊಂಡು ಪಿರಿಯಾಪಟ್ಟಣ ದಾಟಿ ಹಾರಿದೆ. ಅಕ್ಕನ ನಡುಮನೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಕಾಲಿಡಲು ಜಾಗವಿರಲಿಲ್ಲ. ಆ ಗದ್ದಲ ಕಂಡು ನನಗೂ ಹುರುಪು ಬಂತು. "ಯಾರು ನೋಡುತ್ತಿದ್ದೀರಿ?" ಎಂದು ಟಿವಿ ಕೇಳಿತು. ಸಾಲಾಗಿ ಅಕ್ಕನ ಹೆಸರು, ಭಾವನ ಹೆಸರು, ಮೊಮ್ಮಕ್ಕಳ ಹೆಸರು. ನನ್ನದಿಲ್ಲ.

"ಅಕ್ಕಾ, ನನ್ನ ಹೆಸರು?"

"ಜಾಗ ಇರ್ನಿಲ್ಲ ಕಣ್ಲಾ, ತೆಗ್ದುಬುಟ್ಟೆ. ಅಗೋ, ನೆಂಟ್ರು ಅಂತ ಅದಲ್ಲಾ, ಅದ್ನ ಒತ್ತು."

ಒತ್ತಿದೆ. ಕೊಂದವಳು ಸೊಸೆ.

ಈಗ ದಿನವೂ ಕಾಳು ಹಿತುಕುತ್ತಿದ್ದೇನೆ. ಮೊನ್ನೆ ಮಾದಪ್ಪ ಡಬ್ಬ ಹಿಡಿದು ಬಂದು, "ಎಲ್ಲಾ ಆ್ಯಪೂ ಇದ್ರೊಳಗವೆ ಸಾರ್" ಎಂದು ನಗದೆ ಹೇಳಿ ಅದೇ ಹಳೇ ತೂತಿನಲ್ಲಿ ವೈರು ತೂರಿಸಿ ಹೋದ. ಅವನು ಗೇಟು ದಾಟುವುದರೊಳಗೆ ಅಕ್ಕನ ಫೋನು.

"ಹೊಸ ಡಬ್ಬ ಬಂದದಂತಲ್ಲಾ! ಅವರೆಕಾಯಿ ಬಸ್ಸಿಗಾಕಿವ್ನಿ ಕಣ್ಲಾ, ಇಳಿಸ್ಕೊ."

ಇನ್ನು ಮುಯ್ಯಿ ತೀರಿಸದೆ ಉಂಟೆ? ಬಸ್‌ಸ್ಟ್ಯಾಂಡಿಗೆ ಹೊರಡುವ ಮುಂಚೆ ಹೊಸ ಡಬ್ಬದಲ್ಲಿ ನನ್ನ ಹೆಸರು ಕೇಳಿದ ಕಡೆ, ಮುಂದಿನ ತಂಟೆಯೇ ಬೇಡವೆಂದು, ನಾನೇ "ನೆಂಟರು" ಎಂದು ಬರೆದಿಟ್ಟೆ.