ದೆನ್ ಗಾದಿಂಗರ ಆರೋಗಣೆ

ಒಂದು ಹಿಡಿ ಸೊಪ್ಪಿನ ಮೇಲೆ ಮಾರ್ಸುದಿಯ ಮದುವೆ ನಿಂತಿತ್ತು. ಸೊಪ್ಪಿನ ಮುಂದೆ ಒಂದು ಆಮೆ ಕೂತಿತ್ತು. ಆಮೆಯ ಬಾಯಿ ಮುಚ್ಚಿತ್ತು.

ಸೋಲೋ ಊರಿನ ಅರಮನೆ ಹಿಂದಿನ ಓಣಿಯಲ್ಲಿ ಎಯಾಂಗ್ ಕುಸುಮೊ ಅಂದರೆ ಎಲ್ಲರಿಗೂ ಅಜ್ಜಿ, ಎಲ್ಲರಿಗೂ ಹಿರಿಯಳು. ಮಾರ್ಸುದಿ ಆರು ವರ್ಷದಿಂದ ಆಕೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ. ಶಾಲೆಯೊಂದರಲ್ಲಿ ಗುಮಾಸ್ತ, ವಯಸ್ಸು ಮೂವತ್ತೊಂದು, ಅಪ್ಪ ಅಮ್ಮ ಇಲ್ಲ. ಬಾಟಿಕ್ ಬಟ್ಟೆ ಅಂಗಡಿಯ ಪಾಕ್ ವಿರ್ಯೊ ಅವರ ಮಗಳು ನಿಕೆನ್ ಅವನಿಗೆ ಹೂಂ ಅಂದು ಒಂದು ವರ್ಷವಾಗಿತ್ತು. ಆದರೆ ಅವಳಪ್ಪ ಕೇಳಿದ್ದು ಒಂದೇ ಮಾತು: "ನಿನ್ನ ಕಡೆ ಹಿರಿಯರು ಯಾರಪ್ಪಾ?" ತನಗೆ ತಾನೇ ಹೆಣ್ಣು ಕೇಳುವುದು ಸೋಲೋದಲ್ಲಿ ತನ್ನ ಹಲ್ಲು ತಾನೇ ಕಿತ್ತುಕೊಂಡಷ್ಟು ಅಸಹ್ಯ.

ಹಾಗಾಗಿ ಮಾರ್ಸುದಿ ಎಯಾಂಗ್ ಕಾಲು ಹಿಡಿದಿದ್ದ. ಶುಕ್ರವಾರ ಬೆಳಿಗ್ಗೆ ಮೊಮ್ಮಗಳ ಏಳನೇ ತಿಂಗಳ ಶಾಸ್ತ್ರಕ್ಕೆಂದು ಸೆಮರಾಂಗಿಗೆ ಹೊರಟ ಆಕೆ ಬೇಚಾ ಸೈಕಲ್ ರಿಕ್ಷಾ ಹತ್ತುತ್ತ, "ಭಾನುವಾರ ನಾಲ್ಕು ಗಂಟೆ ರೈಲಿಗೆ ಬರ್ತೀನಿ ಮಗಾ," ಅಂದಿದ್ದಳು. "ಗಾದಿಂಗರಿಗೆ ಸೊಪ್ಪು ಕೊಡು, ನೀರಿಡು. ಸೊಪ್ಪಿನ ವಿಷಯದಲ್ಲಿ ಅವರು ಸ್ವಲ್ಪ ನಾಜೂಕು, ಅಷ್ಟೇ. ನಿನ್ನ ಕೈಯಿಂದ ಅವರು ಬಾಯಿ ಮುಟ್ಟಿದ್ರೆ ಅವತ್ತು ಸಂಜೆನೇ ವಿರ್ಯೊ ಮನೆಗೆ ಹೋಗಿ ಹೆಣ್ಣು ಕೇಳ್ತೀನಿ. ಆಮೆನ ನೋಡ್ಕೊಳ್ಳೋಕಾಗದವನು ಹೆಂಡತಿನ ಏನು ನೋಡ್ಕೋತಾನೆ?"

ಅಷ್ಟೇ ತಾನೇ ಅಂದುಕೊಂಡ ಮಾರ್ಸುದಿ. ಶುಕ್ರವಾರ ಕಾಂಗ್ಕುಂಗ್ ಸೊಪ್ಪು ಹಾಕಿದ. ಶನಿವಾರ ಹರಿವೆ ಹಾಕಿದ. ಗಾದಿಂಗ್ ಎರಡನ್ನೂ ಒಮ್ಮೊಮ್ಮೆ ಮೂಸಿ, ಬೀಗರ ಪಾಯಸದಲ್ಲಿ ಸಕ್ಕರೆ ಕಡಿಮೆ ಎಂದು ಮುಖ ತಿರುಗಿಸುವ ಸೋದರಮಾವನ ಹಾಗೆ ಕತ್ತು ತಿರುಗಿಸಿತು. ಈಗ ಭಾನುವಾರ. ರೈಲಿಗೆ ಇನ್ನು ಎಂಟೇ ಗಂಟೆ.

ಓಣಿಯಲ್ಲಿ ಕಾಂಗ್ ಸಾಬಾರನ ತರಕಾರಿ ಗಾಡಿಯ ಗಂಟೆ ಕೇಳಿಸಿತು. ಈ ಊರಲ್ಲಿ ಹಿರಿಯರಿಗೆ ಪಾಕ್, ಅಮ್ಮಂದಿರಿಗೆ ಬು, ಅಣ್ಣತಮ್ಮಂದಿರಿಗೆ ಕಾಂಗ್ ಇಲ್ಲವೇ ಮಾಸ್ ಎಂದು ಸೇರಿಸದೆ ಯಾರೂ ಹೆಸರು ಹಿಡಿಯುವುದಿಲ್ಲ. ಮಾರ್ಸುದಿ ಓಡಿದ. ಗಾಡಿಯ ಸುತ್ತ ಆಗಲೇ ನಾಲ್ಕು ಹೆಂಗಸರು ಮೆಣಸಿನಕಾಯಿ ಮುರಿದು ಮೂಸುತ್ತಿದ್ದರು. ಅವನು ಗಾಡಿಯವನ ಕಿವಿಗೆ ಬಾಯಿಟ್ಟು, "ಆಮೆ ತಿನ್ನೋ ಅಂಥ ಸೊಪ್ಪು ಯಾವುದಿದೆ ಕಾಂಗ್?" ಎಂದು ಪಿಸುಗುಟ್ಟಿದ. ನಾಲ್ಕು ಹೆಂಗಸರ ಎದುರು ಪಿಸುಗುಟ್ಟುವುದಕ್ಕಿಂತ ಡಂಗುರ ಹೊಡೆಸುವುದೇ ವಾಸಿ.

"ಎಯಾಂಗ್ ಆಮೆ ಇನ್ನೂ ತಿಂದಿಲ್ವಾ?" ಎಂದಳು ಪಕ್ಕದ ಮನೆಯ ಬು ತುಮಿನಿ. ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದು ಮಾರುವ ಪೆಚೆಲ್ ವ್ಯಾಪಾರ ಆಕೆಯದು. ಸೊಪ್ಪಿನ ವಿಷಯದಲ್ಲಿ ಓಣಿಗೆ ಆಕೆಯೇ ನ್ಯಾಯಾಧೀಶೆ.

"ತಿಂತಾ ಇದೆ ಬು. ಸ್ವಲ್ಪ ಕಡಿಮೆ."

"ಎಷ್ಟು ತಿಂತು?"

"ಇನ್ನೂ ಶುರು ಮಾಡಿಲ್ಲ."

"ಏನು ಹಾಕಿದ್ದೆ?"

"ಕಾಂಗ್ಕುಂಗ್."

ಬು ತುಮಿನಿ ಹಣೆ ಚಚ್ಚಿಕೊಂಡಳು. "ಕಾಂಗ್ಕುಂಗ್ ತಿಂದ್ರೆ ನಿದ್ದೆ ಬರುತ್ತೆ ಅಂತ ಎಳೆ ಮಗುಗೂ ಗೊತ್ತು. ಅದಕ್ಕೆ ಹಸಿವಿಲ್ದೆ ಅಲ್ಲ ಮಾಸ್ ಮಾರ್, ಅದು ಮಲಗಿದೆ."

"ಅದು ತಿಂದೇ ಇಲ್ವಲ್ಲ ಬು."

"ವಾಸನೆಗೇ ಬಂದಿರುತ್ತೆ ನಿದ್ದೆ. ನಡಿ, ನಾನೇ ನೋಡ್ತೀನಿ."

ಅವನು ಬೇಡ ಅನ್ನುವಷ್ಟರಲ್ಲಿ ನಾಲ್ವರೂ ಅಂಗಳದಲ್ಲಿದ್ದರು. ಕಾಂಗ್ ಸಾಬಾರ್ ಗಾಡಿಯನ್ನೇ ಗೇಟಿನೊಳಕ್ಕೆ ತಳ್ಳಿದ. ಸಾಸಿವೆ ಸೊಪ್ಪು, ಪಪ್ಪಾಯಿ ಎಲೆ, ಕಾಮಕಸ್ತೂರಿ, ಎಲೆಕೋಸಿನ ಹೊರಸಿಪ್ಪೆ ಎಲ್ಲ ಸಾಲಾಗಿ ಆಮೆಯ ಮುಂದೆ ಬಿದ್ದವು. ಬುಟ್ಟಿಯಷ್ಟು ದೊಡ್ಡ ಆಮೆ ಅದು. ದಂತದ ಬಣ್ಣದ ಹೊಟ್ಟೆ, ಅದಕ್ಕೇ ಗಾದಿಂಗ್ ಎಂಬ ಹೆಸರು. ಅರ್ಜಿ ಹಿಡಿದು ಬಂದವರನ್ನು ಹಳೆಯ ಅಮಲ್ದಾರರು ನೋಡುವ ಹಾಗೆ ಎಲ್ಲರನ್ನೂ ಒಮ್ಮೆ ನೋಡಿ ಅದು ಕಣ್ಣು ಮುಚ್ಚಿಕೊಂಡಿತು.

"ಸಪ್ಪೆ ಸೊಪ್ಪು ಯಾರು ತಿಂತಾರೆ?" ಎಂದು ಬು ತುಮಿನಿ ಮನೆಗೆ ಹೋಗಿ ಒಂದು ತಟ್ಟೆ ಪೆಚೆಲ್ ತಂದಳು. ಮೇಲೆ ಧಾರಾಳವಾಗಿ ಕಡಲೆಕಾಯಿ ಚಟ್ನಿ. "ಈ ಚಟ್ನಿಗೆ ದೂರದ ಕ್ಲಾತೆನ್ ಊರಿಂದ ಜನ ಬರ್ತಾರೆ."

ಗಾದಿಂಗ್ ಕೂಡ ಬಂತು. ಬಂದು, ತಟ್ಟೆಯ ಮೇಲೆ ನಾಲ್ಕೂ ಕಾಲಿಟ್ಟು, ಚಟ್ನಿಯನ್ನು ಚೆನ್ನಾಗಿ ತುಳಿದು, ಎಯಾಂಗ್ ದಿನಾ ಉಜ್ಜಿ ಹೊಳಪು ಬರಿಸಿದ್ದ ಪಡಸಾಲೆಯ ಕೆಂಪು ನೆಲದ ಮೇಲೆ ಲಕ್ಷ್ಮಿ ಹೆಜ್ಜೆ ಮೂಡಿಸುತ್ತ ಹೋಗಿ ಮಂಚದಡಿ ಸೇರಿಕೊಂಡಿತು. ಮಾರ್ಸುದಿ ಒದ್ದೆ ಬಟ್ಟೆ ಹಿಡಿದು ಹಿಂದೆ ಹಿಂದೆ ತೆವಳಿದ.

ಅದನ್ನು ಎತ್ತಿ ಮತ್ತೆ ಅಂಗಳಕ್ಕೆ ತರುವಷ್ಟರಲ್ಲಿ ಮೂಲೆ ಮನೆಯ ದರ್ಜಿ ಹೆಂಗಸು ಒಂದು ಕೊಂಬೆ ನುಗ್ಗೆಸೊಪ್ಪು ಹಿಡಿದು ನಿಂತಿದ್ದಳು.

"ಅಯ್ಯೋ ಎಸಿ ಅದನ್ನ," ಎಂದು ಬು ತುಮಿನಿ ಅಡ್ಡ ನಿಂತಳು. "ಹೆಣ ತೊಳೆಯೋ ನೀರಿಗೆ ಹಾಕೋ ಸೊಪ್ಪು ಅದು. ಅದು ಸೋಕಿದ್ರೆ ಎಂಥಾ ಮಂತ್ರಶಕ್ತಿನೂ ಇಳಿದುಹೋಗುತ್ತೆ. ಈ ಮನೆತನದ ಶಕ್ತಿಯೆಲ್ಲ ಆ ಚಿಪ್ಪಿನಲ್ಲೇ ಇರೋದು."

"ನಮ್ಮನೇಲಿ ನಾವು ದಿನಾ ಸಾರಿಗೆ ಹಾಕ್ತೀವಪ್ಪ."

"ಅದಕ್ಕೇ ನಿನ್ನ ಗಂಡ ಹಂಗಾಗಿರೋದು."

ಅಲ್ಲಿಂದ ಮಾತು ಆಮೆಯನ್ನು ಬಿಟ್ಟು ದರ್ಜಿಯ ಗಂಡನನ್ನು ಹಿಡಿಯಿತು. ಹೊತ್ತು ಮಧ್ಯಾಹ್ನ ದಾಟಿತು. ಮಾರ್ಸುದಿಗೆ ಅಳು ಬಂದಂತಾಯಿತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ನಿಕೆನ್ ಕಣ್ಣೆದುರು ಬಂದಳು; ಅವಳ ಪಕ್ಕದಲ್ಲಿ ಯಾರೋ ಬೇರೆಯವನು ಮದುಮಗನ ಪೇಟ ಸುತ್ತಿ ಕೂತಿದ್ದ. ಮಾರ್ಸುದಿ ನೆಲದ ಮೇಲೆ ಬೋರಲು ಮಲಗಿ, ಆಮೆಯ ಮೂತಿಗೆ ಮೂತಿ ಕೊಟ್ಟು, "ನೋಡು, ಹೀಗೆ," ಎಂದು ಒಂದು ಹಸಿ ಪಪ್ಪಾಯಿ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಜಗಿದ. ಬೇವು ಕೂಡ ನಾಚುವಂಥ ಕಹಿ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, "ಆಹಾ, ಏನು ರುಚಿ," ಎಂದ. ಆಮೆ ಅವನನ್ನು ಕನಿಕರದಿಂದ ನೋಡಿತು.

ಅಲ್ಲಿಗೆ ಮಾರ್ಸುದಿಯ ತಾಳ್ಮೆ ಹರಿಯಿತು. ಎದ್ದು ನಿಂತು ಕಿರುಚಿದ: "ತಿನ್ನೋ ಮಾರಾಯ, ತಿನ್ನು. ಏನು ರೋಗ ಬಡಿದಿದೆ ನಿನಗೆ? ತಿಂದು ಸಾಯಬಾರದಾ?"

"ಯಾರಿಗೆ ಹೇಳಿದ್ದು ಅದು?"

ಗೇಟಿನಲ್ಲಿ ಪಾಕ್ ದಾರ್ಮೊ ನಿಂತಿದ್ದರು. ಮೂವತ್ತು ವರ್ಷ ಅರಮನೆಯ ಊಳಿಗದಲ್ಲಿದ್ದು ನಿವೃತ್ತರಾದವರು. ಹಾಲು ತರುವುದಕ್ಕೂ ತಲೆಗೆ ಬಾಟಿಕ್ ರುಮಾಲು ಕಟ್ಟದೆ ಹೊರಡುವವರಲ್ಲ.

"ಆಮೆಗೆ, ಪಾಕ್."

"ಇವರ ವಯಸ್ಸೆಷ್ಟು ಗೊತ್ತಾ?"

"ಇಲ್ಲ."

"ಎಯಾಂಗ್ ಮದುವೆಯಾಗಿ ಈ ಹೊಸಿಲು ದಾಟಿದಾಗ್ಲೇ ಇವರು ಇಲ್ಲಿ ಓಡಾಡ್ತಿದ್ರು. ಆಗ ನಿಮ್ಮಪ್ಪ ಚಡ್ಡಿ ಹಾಕ್ಕೊಳ್ತಿದ್ದನೋ ಇಲ್ವೋ. ಅಂಥವರ ತಲೆ ಮೇಲೆ ನಿಂತ್ಕೊಂಡು 'ತಿನ್ನೋ' ಅಂತೀಯಲ್ಲ, ನಾನಾಗಿದ್ರೆ ನಾನೂ ತಿಂತಿರ್ಲಿಲ್ಲ."

ಸೋಲೋದಲ್ಲಿ ಒಂದೇ ಅನ್ನಕ್ಕೆ ಮೂರು ಮಾತು. ಗೆಳೆಯ, ತಮ್ಮ, ಬೆಕ್ಕು, ಕೋಳಿ ತಿನ್ನುತ್ತಾರೆ. ನೆಂಟರು, ಮೇಷ್ಟ್ರು ಊಟ ಮಾಡುತ್ತಾರೆ. ದೊರೆಗಳು, ಹಿರಿಯರು ಆರೋಗಿಸುತ್ತಾರೆ. ಎಲ್ಲಿ ಯಾವ ಮಾತು ಎಂಬುದು ತಪ್ಪಿದರೆ ಕೊಟ್ಟ ಅನ್ನವೂ ಬೈಗುಳವಾಗುತ್ತದೆ.

"ಎಯಾಂಗ್ ಇವರ ಜೊತೆ ಹೇಗೆ ಮಾತಾಡ್ತಾರೆ? ಕೇಳಿಸ್ಕೊಂಡಿದೀಯಾ?"

ಮಾರ್ಸುದಿಗೆ ಹೊಳೆಯಿತು. ಅವರು ನಾಜೂಕು ಅಂದಿದ್ದಳು ಆಕೆ. ಗಾದಿಂಗರಿಗೆ ಅಂದಿದ್ದಳು. ತೀರಿಹೋದ ಗಂಡನನ್ನು ನೆನೆಸಿಕೊಂಡು ಬಾಯಿತಪ್ಪಿ ಆಮೆಗೂ ಬಹುವಚನ ಆಡಿರಬೇಕು ಎಂದುಕೊಂಡಿದ್ದ ಅವನು.

"ದೆನ್ ಗಾದಿಂಗ್ ಅನ್ನು," ಎಂದರು ಪಾಕ್ ದಾರ್ಮೊ. ದೆನ್ ಎಂದರೆ ದೊರೆಮಕ್ಕಳ ಬಿರುದು. "ಮೊದಲು ಚಪ್ಪಲಿ ಬಿಡು. ಅಲ್ಲಿಂದ ಕುಕ್ಕರಗಾಲಲ್ಲಿ ನಡ್ಕೊಂಡು ಬಾ. ತಟ್ಟೆ ಹಣೆಗಿಂತ ಕೆಳಗಿಳೀಬಾರದು."

ಮಾರ್ಸುದಿ ಸಾಸಿವೆ ಸೊಪ್ಪಿನ ತಟ್ಟೆ ಹೊತ್ತು ಬಾವಿಕಟ್ಟೆಯಿಂದ ಕುಕ್ಕರಗಾಲಲ್ಲಿ ಹೊರಟ. ಮೊಟ್ಟೆ ಇಡಲು ಜಾಗ ಹುಡುಕುವ ಬಾತುಕೋಳಿಯಂತಿದ್ದ. ಅರ್ಧ ದಾರಿಯಲ್ಲಿ ಮಂಡಿ 'ಟಕ್' ಎಂದಿತು. ಆಮೆಯ ಮುಂದೆ ಕೈಮುಗಿದು, ಶಾಲೆಯಲ್ಲಿ ಕಲಿತು ಮರೆತಿದ್ದ ಮರ್ಯಾದೆಯ ಮಾತುಗಳನ್ನೆಲ್ಲ ಒಟ್ಟುಮಾಡಿ ಹೇಳಿದ: "ದೆನ್, ನಾನು ಈ ಸೊಪ್ಪನ್ನು ತಮಗಾಗಿ ದಯಪಾಲಿಸಿದ್ದೇನೆ. ನಾನು ಬೆಳಿಗ್ಗೆಯೇ ಆರೋಗಿಸಿ ಬಂದೆ. ಈಗ ನೀವು ತಿಂದ್ಕೊಳ್ಳಿ."

ಆಮೆ ತಲೆಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡಿತು. ಪಾಕ್ ದಾರ್ಮೊ ಕಟ್ಟೆಯ ಮೇಲೆ ಕುಸಿದು ಕೂತರು. ಬು ತುಮಿನಿ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಅಡಿಕೆ ಕಾಂಗ್ ಸಾಬಾರನ ಅಂಗಿಯ ಮೇಲೆ ಬಿತ್ತು.

"ತಾನೇ ಆರೋಗಿಸಿ ತಾನೇ ದಯಪಾಲಿಸೋ ದೊರೆನ ಇವತ್ತೇ ನೋಡಿದ್ದು," ಎಂದಳು ಆಕೆ. "ಮಾಸ್ ಮಾರ್, ತಮ್ಮ ಸಿಂಹಾಸನ ಎಲ್ಲಿಡಲಿ?"

"ನಗಬೇಡಿ," ಎಂದರು ಪಾಕ್ ದಾರ್ಮೊ, ತಾವೂ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ. "ಮತ್ತೆ ಬಾವಿಕಟ್ಟೆಯಿಂದ ಬಾ."

ಇನ್ನೂ ನಾಲ್ಕು ಸಲ ಬಂದ. ಎರಡನೇ ಸಲ ಮಾತು ಸರಿಯಾಗಿ ತಟ್ಟೆ ತಪ್ಪಿತು. ಮೂರನೇ ಸಲ ತಟ್ಟೆ ಸರಿಯಾಗಿ ಕಾಲು ಜೋಮು ಹಿಡಿದು ಮಗ್ಗುಲಿಗೆ ಬಿದ್ದ. ನಾಲ್ಕನೇ ಸಲ ಬಿದ್ದೇನೆಂಬ ಹೆದರಿಕೆಗೆ ಸೊಪ್ಪನ್ನೇ ಬಾವಿಕಟ್ಟೆಯ ಮೇಲೆ ಮರೆತು ಬಂದ. ಐದನೇ ಸಲಕ್ಕೆ ಯಾರೂ ನಗುತ್ತಿರಲಿಲ್ಲ. ಅವನ ಮಂಡಿ ತರಚಿತ್ತು, ಧ್ವನಿ ಸಣ್ಣದಾಗಿತ್ತು. ಆ ಸಣ್ಣ ಧ್ವನಿಯಲ್ಲಿ ಅವನು ಹೇಳಿದ: "ದೆನ್, ತಮ್ಮ ಪಾದದ ಧೂಳಾದ ನಾನು ತಂದಿಟ್ಟ ಎಲೆ ಇದು. ದಯಮಾಡಿ ಆರೋಗಿಸಬೇಕು."

ಚಿಪ್ಪಿನಿಂದ ಮೂಗು ಬಂತು. ಆಮೇಲೆ ಕಣ್ಣು ಬಂತು. ಆಮೇಲೆ, ಪಲ್ಲಕ್ಕಿಯಿಂದ ಇಳಿಯುವ ಜಮೀನ್ದಾರನಂತೆ ಸಾವಕಾಶವಾಗಿ ಇಡೀ ಕತ್ತು ಬಂತು. ದೆನ್ ಗಾದಿಂಗರು ಬಾಯಿ ತೆರೆದು ಸಾಸಿವೆ ಸೊಪ್ಪಿನ ತುದಿ ಕಚ್ಚಿದರು.

ಅದು ಮೂರು ದಿನದ ಹಸಿವೋ, ಅಂಗಳದ ಗದ್ದಲ ನಿಂತ ನೆಮ್ಮದಿಯೋ, ಮಾತಿನ ಮಹಿಮೆಯೋ ಎಂದು ಯಾರೂ ಕೇಳಲಿಲ್ಲ. ಕರಕರ ಎಂಬ ಸದ್ದನ್ನು ಗಮಕ ಕೇಳುವವರಂತೆ ಎಲ್ಲರೂ ಕಿವಿಗೊಟ್ಟು ಕೇಳಿದರು. ತಟ್ಟೆ ಖಾಲಿಯಾಯಿತು. ಮಾರ್ಸುದಿ ಎದ್ದು ನೀರು ತರಲು ಹೋದರೆ ಆಮೆ ಅವನ ಹಿಂದೆಯೇ ನಡೆಯಿತು. ಅವನು ಕಾಮಕಸ್ತೂರಿ ಕೊಟ್ಟ, ಆರೋಗಿಸಿತು. ಕೋಸಿನ ಸಿಪ್ಪೆ ಕೊಟ್ಟ, ಆರೋಗಿಸಿತು. ಅವನಿಗೆ ಕಣ್ಣೀರು ಬರಿಸಿದ್ದ ಪಪ್ಪಾಯಿ ಎಲೆಯನ್ನೂ ದೇವರ ಪ್ರಸಾದದಂತೆ ಆರೋಗಿಸಿತು.

ಬೇಚಾದಿಂದ ಎಯಾಂಗ್ ಇಳಿದಾಗ ಅವಳ ಕಣ್ಣಿಗೆ ಬಿದ್ದದ್ದು ಈ ನೋಟ: ಮಾರ್ಸುದಿ ನೆಲದ ಮೇಲೆ ಕೂತಿದ್ದಾನೆ, ಗಾದಿಂಗ್ ಅವನ ತೊಡೆಯ ಮೇಲೆ ಮುಂಗಾಲಿಟ್ಟು ಅವನ ಬೆರಳಿಂದ ಎಲೆ ಕಚ್ಚುತ್ತಿದೆ.

ಆಕೆ ಬಗ್ಗಿ, ಒಂದು ಎಲೆ ತೆಗೆದು, ಅರಮನೆಯ ರಾಣಿಯರಿಗೂ ಬಾರದಂಥ ಮೆದು ಮಾತಿನಲ್ಲಿ, "ದೆನ್, ದಯಮಾಡಬೇಕು," ಎಂದಳು.

ಗಾದಿಂಗ್ ಆಕೆಯ ಎಲೆಯನ್ನು ಮೂಸಿ, ಕತ್ತು ತಿರುಗಿಸಿ, ಮತ್ತೆ ಮಾರ್ಸುದಿಯ ಬೆರಳನ್ನು ಹುಡುಕಿತು.

"ಐವತ್ತಾರು ವರ್ಷ ನನ್ನ ಕೈಯಿಂದ ತಗೊಂಡವರು," ಎಂದಳು ಎಯಾಂಗ್ ಮೆಲ್ಲಗೆ. ಎಲೆಯನ್ನು ಮಾರ್ಸುದಿಯ ಕೈಗೆ ಕೊಟ್ಟಳು. "ಕೊಟ್ಟ ಮಾತು ಮಾತೇ ಮಗಾ. ನೀನು ಗೆದ್ದೆ."

ಸ್ನಾನ ಮಾಡಿ, ಕಂದು ರೇಷ್ಮೆಯ ಕೆಬಾಯಾ ರವಿಕೆ ತೊಟ್ಟು, ಒಂದು ಬಾಳೆಗೊನೆ ಹೊರಿಸಿಕೊಂಡು, ಪಾಕ್ ದಾರ್ಮೊರನ್ನೂ ಜೊತೆಗೆ ಕರೆದುಕೊಂಡು ಆಕೆ ಐದು ಗಂಟೆಗೆಲ್ಲ ಪಾಕ್ ವಿರ್ಯೊ ಅವರ ಮನೆಗೆ ಹೊರಟಳು. ಇಲ್ಲಿ ಅಂಗಳದಲ್ಲಿ ಮದುವೆ ಆಗಲೇ ಅರ್ಧ ಮುಗಿದಿತ್ತು. ಬು ತುಮಿನಿ ಮುನ್ನೂರು ಜನಕ್ಕೆ ಪೆಚೆಲ್ ತನ್ನದೇ ಎಂದು ಘೋಷಿಸಿದಳು. ದರ್ಜಿ ಹೆಂಗಸು ಮಾರ್ಸುದಿಯ ಹೆಗಲಿನ ಅಳತೆ ತೆಗೆದು, ನಾಚಿಕೊಂಡ ಅವನ ಕತ್ತಿನ ಅಳತೆಯನ್ನೂ ತೆಗೆದಳು.

ಮುಸ್ಸಂಜೆಯ ಆಜಾನ್ ಮುಗಿಯುವ ಹೊತ್ತಿಗೆ ಬೇಚಾ ಹಿಂದಿರುಗಿತು. ಪಾಕ್ ದಾರ್ಮೊ ಇಳಿದವರೇ ತಮ್ಮ ಚಪ್ಪಲಿಗಳನ್ನು ನೋಡುತ್ತ ನಿಂತರು. ಎಯಾಂಗ್ ಮುಖ ಮಾತ್ರ ಪ್ರಸನ್ನವಾಗಿತ್ತು.

"ಎಯಾಂಗ್, ಒಪ್ಪಿದ್ರಾ?" ಮಾರ್ಸುದಿ ಬೇಚಾದ ಬಳಿಗೆ ಓಡಿದ.

"ತುಂಬಾ ಒಳ್ಳೆ ಜನ. ಎರಡೇ ಮಾತಿಗೆ ಒಪ್ಪಿದ್ರು. ನಿಕೆನ್ ತಾನೇ ಚಹಾ ತಂದ್ಕೊಟ್ಲು. ಎಂಥಾ ಹುಡುಗಿ ಅಂತೀಯಾ, ಚಿನ್ನ."

ಹೆಂಗಸರು ಹೋ ಎಂದರು. ಎಯಾಂಗ್ ಕೈಯೆತ್ತಿ ಸುಮ್ಮನಾಗಿಸಿದಳು.

"ಒಂದೇ ಒಂದು ಮಾತು ಕೇಳಿದ್ರು. ಇರೋಳು ಒಬ್ಳೇ ಮಗಳು, ಹೊಸ ಅಂಗಡಿ ಕ್ಲಾತೆನಲ್ಲಿ ಇಡ್ತಿದೀವಿ, ಅಳಿಯ ನಮ್ಮ ಜೊತೆ ಅಲ್ಲೇ ಬಂದಿರ್ಬೇಕು ಅಂದ್ರು. ನ್ಯಾಯವಾದ ಮಾತು."

"ಹೌದು ಎಯಾಂಗ್. ನ್ಯಾಯವಾದ ಮಾತು."

"ನಾನು ಆಗಲ್ಲ ಅಂದೆ."

ದರ್ಜಿ ಹೆಂಗಸು ಅಳತೆಯ ಟೇಪನ್ನು ಸುತ್ತಿಟ್ಟುಕೊಂಡಳು.

"ನಾನು ಹೋಗಿರ್ತಿದ್ದೆನಲ್ಲ, ಎಯಾಂಗ್," ಎಂದ ಮಾರ್ಸುದಿ.

"ಹೋಗ್ತಿದ್ದೆ ಅಂತ ಗೊತ್ತಿದ್ದಕ್ಕೇ ನಾನು ಮೊದಲೇ ಆಗಲ್ಲ ಅಂದದ್ದು." ಎಯಾಂಗ್ ಕಟ್ಟೆಯ ಮೇಲಿದ್ದ ಸೊಪ್ಪಿನ ತಟ್ಟೆಯನ್ನು ಎರಡೂ ಕೈಯಲ್ಲೆತ್ತಿ ಅವನ ಕೈಗಿಟ್ಟಳು. ಆಮೇಲೆ ಅಕ್ಕರೆಯಿಂದ ಅವನ ಕೆನ್ನೆ ತಟ್ಟಿದಳು. "ನಿಕೆನ್‌ಗೆ ಇನ್ನೊಬ್ಬ ಗಂಡು ಸಿಗ್ತಾನೆ ಮಗಾ, ಊರ ತುಂಬ ಇದ್ದಾರೆ. ಈ ವಯಸ್ಸಲ್ಲಿ ದೆನ್ ಗಾದಿಂಗರಿಗೆ ಇನ್ನೊಬ್ಬನ್ನ ಎಲ್ಲಿಂದ ತರ್ಲಿ?"